ಬಚ್ಚಲ ಹಂಡೆಗೆ ಬೈದರೆ ಎದೆನೋವು ಹೋಗುವುದಿಲ್ಲ

ಚಳಿ ಶುರುವಾದರೆ ಸಾಕು, ಗದಗ-ಬೆಟಗೇರಿಯಿಂದ ಮುಂಡರಗಿವರೆಗೆ ವಾಟ್ಸಾಪ್‌ನಲ್ಲಿ ಅದೇ ಮೆಸೇಜು: ಜಳಕ ಮಾಡುವಾಗ ಮೊದಲು ತಲೆಗೆ ನೀರು ಹಾಕಬೇಡಿ, ಬಿಸಿನೀರು ಹರೆಯದವರ ಹೃದಯಕ್ಕೆ ಕುತ್ತು ಅಂತ.

ಇದರಲ್ಲಿ ನಮ್ಮ ತಪ್ಪೂ ಇದೆ. ಬಚ್ಚಲಲ್ಲಿ ಯಾರಾದರೂ ಕುಸಿದು ಸತ್ತರೆ ‘ಜಳಕ ಮಾಡುವಾಗ ಹೃದಯಾಘಾತ’ ಎಂದು ತಲೆಬರಹ ಕೊಟ್ಟು ಸುದ್ದಿ ಕಳಿಸುತ್ತೇವೆ. ರಾತ್ರಿಯಿಂದ ಎದೆ ನೋಯುತ್ತಿತ್ತೇ, ಬಿಪಿ ಎಂದಾದರೂ ನೋಡಿಸಿದ್ದರೇ, ಬೀಡಿ-ಗುಟ್ಕಾ ಚಟವಿತ್ತೇ ಎಂದು ಕೇಳುವುದಿಲ್ಲ. ಓದಿದವರಿಗೆ ನೀರೇ ಕೊಂದಂತೆ ಕಾಣುತ್ತದೆ.

ಬಿಸಿನೀರು ಬಿದ್ದಾಗ ಚರ್ಮದ ರಕ್ತನಾಳ ಹಿಗ್ಗುತ್ತವೆ, ಬಿಪಿ ತುಸು ಇಳಿಯುತ್ತದೆ, ಎದೆಬಡಿತ ತುಸು ಏರುತ್ತದೆ. ಆರೋಗ್ಯವಂತ ಹರೆಯದವರು ಇದನ್ನು ಸಲೀಸಾಗಿ ತಾಳುತ್ತಾರೆ. ಜಪಾನಿನಲ್ಲಿ 40ರಿಂದ 59 ವಯಸ್ಸಿನ ಸುಮಾರು 30 ಸಾವಿರ ಜನರನ್ನು 20 ವರ್ಷದಷ್ಟು ಕಾಲ ಗಮನಿಸಿ 2020ರಲ್ಲಿ ವರದಿ ಪ್ರಕಟಿಸಿದರು. ಹೆಚ್ಚುಕಡಿಮೆ ದಿನಾ ತೊಟ್ಟಿಯಲ್ಲಿ ಕೂತು ಬಿಸಿನೀರ ಸ್ನಾನ ಮಾಡುವವರಲ್ಲಿ ಹೃದಯ-ರಕ್ತನಾಳದ ಕಾಯಿಲೆ ಶೇ 28ರಷ್ಟು ಕಡಿಮೆ ಕಂಡಿತ್ತು. ನಾವು ಚಂಬಿನಿಂದ ಸುರಿದುಕೊಳ್ಳುವವರು, ಹಾಗಾಗಿ ಬಿಸಿನೀರು ಔಷಧಿ ಎಂದೂ ಹೇಳುವುದಿಲ್ಲ. ಆದರೆ ವಿಷವಂತೂ ಅಲ್ಲ.

ಎಚ್ಚರ ಬೇಕಾದದ್ದು ಬೇರೆ ಕಡೆ. ಕುಡಿದು ಬಂದು ಅಥವಾ ಉಪವಾಸವಿದ್ದು ಸುಡುನೀರಲ್ಲಿ ಬಹಳ ಹೊತ್ತು ಜಳಕ ಮಾಡಿದರೆ ತಲೆ ತಿರುಗಿ ಬೀಳಬಹುದು. ಬಿಪಿ ಗುಳಿಗೆ ನುಂಗುವವರಿಗೆ, ಹೃದಯದ ಕಾಯಿಲೆ ಇದ್ದವರಿಗೆ ಬೆಚ್ಚಗಿನ ನೀರೇ ಸಾಕು. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಟ್ಟಿಮುಟ್ಟಾದ ಹುಡುಗರನ್ನೂ ಕೊಲ್ಲುತ್ತದೆ. ಅದನ್ನೂ ನಾವು ಹೃದಯಾಘಾತದ ಲೆಕ್ಕಕ್ಕೆ ಬರೆದುಬಿಡುತ್ತೇವೆ.

2025ರಲ್ಲಿ ಹಾಸನದ ಸಾವುಗಳ ಸುದ್ದಿ ಕೇಳಿ ರಾಜ್ಯವೇ ಬೆಚ್ಚಿತ್ತು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅದರಲ್ಲಿ 4 ಹೃದಯಕ್ಕೆ ಸಂಬಂಧವೇ ಇಲ್ಲದವು. ಉಳಿದವರಲ್ಲಿ ಹಲವರಿಗೆ ಇದ್ದದ್ದು ಬಿಪಿ, ಸಕ್ಕರೆ ಕಾಯಿಲೆ, ಸಿಗರೇಟು, ಸಾರಾಯಿ ಚಟ.

ನಮ್ಮೂರುಗಳಲ್ಲಿ ಜೀವ ಹೋಗುವುದು ಇನ್ನೊಂದು ಮಾತಿನಿಂದ: “ಏನಿಲ್ಲೋ ತಮ್ಮಾ, ಗ್ಯಾಸ್ ಆಗೇತಿ.” ಸೋಡಾ ಕುಡಿಸಿ, ಎದೆ ತಿಕ್ಕಿ ಮಲಗಿಸುತ್ತೇವೆ. ಮುಂಡರಗಿಯಿಂದಾಗಲಿ ಲಕ್ಷ್ಮೇಶ್ವರದಿಂದಾಗಲಿ ಗದಗಿಗೆ ಸುಮಾರು 40 ಕಿಲೋಮೀಟರ್. ಮನೆಯಲ್ಲಿ ಕಳೆದ ತಾಸು ದಾರಿಯಲ್ಲಿ ಸಿಗುವುದಿಲ್ಲ. ಎದೆ ಹಿಂಡಿದಂತಾಗಿ, ಬೆವರಿ, ನೋವು ಎಡಗೈಗೋ ದವಡೆಗೋ ಇಳಿದರೆ 108ಕ್ಕೆ ಫೋನ್ ಮಾಡಿ, ಹತ್ತಿರದ ದವಾಖಾನೆಯಲ್ಲಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇರುವುದೇ ಇದಕ್ಕೆ: ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡುವುದು.

ಹಾಗಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಸರ್ಕಾರಿ ದವಾಖಾನೆಯಲ್ಲಿ ರಾತ್ರಿ 2 ಗಂಟೆಗೂ ಇಸಿಜಿ ತೆಗೆಯುವವರು ಇದ್ದಾರಾ? ಇಂಜೆಕ್ಷನ್ ದಾಸ್ತಾನು ಇದೆಯಾ? ನಾವೂ ಕೇಳುತ್ತೇವೆ, ಸಿಕ್ಕ ಉತ್ತರವನ್ನು ಇಲ್ಲೇ ಬರೆಯುತ್ತೇವೆ.

30 ದಾಟಿದವರು ಈ ವಾರವೇ ಹೋಗಿ ಬಿಪಿ, ಶುಗರ್ ನೋಡಿಸಿಕೊಳ್ಳಿ, ಗುಟ್ಕಾ ಚೀಟಿ ಬಿಸಾಕಿ. ಆಮೇಲೆ ಕಿಟಕಿ ತೆಗೆದಿಟ್ಟು, ಬೆಚ್ಚಗಿನ ನೀರಲ್ಲಿ ಆರಾಮವಾಗಿ ಜಳಕ ಮಾಡಿ.