ಆಶ್ರಯ ಬೇಡಿ ಬಂದವರ ಅರ್ಜಿಯನ್ನು ಎಲ್ಲಿ ಸ್ವೀಕರಿಸಬೇಕು?

ಪ್ರತಿವರ್ಷವೂ ಶಾಲೆ ಆರಂಭವಾಗುವ ದಿನಗಳಲ್ಲಿ ಒಬ್ಬಿಬ್ಬರಾದರೂ ತಾಯಂದಿರು ವರ್ಗಾವಣೆ ಪತ್ರವಿಲ್ಲದೆ ಮಗಳ ಕೈಹಿಡಿದು ನಮ್ಮ ಮೆಟ್ಟಿಲ ಬಳಿ ನಿಂತಿರುವುದುಂಟು. ನಂಜನಗೂಡಿನ ಕಾರ್ಖಾನೆಗಳಿಗೆ ಕೂಲಿಯನ್ನರಸಿ ಬಂದವರು ಕೆಲವರು. ಗಂಡನ ಮನೆಯ ಹೊಡೆತವನ್ನು ತಾಳಲಾರದೆ ತಿರುಮಕೂಡಲು ನರಸೀಪುರದ ಕಡೆಯ ತವರಿಗೆ ಮರಳಿದವರು ಕೆಲವರು. ವರ್ಷಗಳ ಹಿಂದೆ ಅಂತಹ ತಾಯಿಯೊಬ್ಬರಿಗೆ, “ಆ ಊರಿಗೆ ಹೋಗಿ ಪತ್ರ ತನ್ನಿರಿ, ಆಮೇಲೆ ನೋಡೋಣ” ಎಂದು ಹೇಳಿ ಕಳುಹಿಸಿದೆವು. ಆ ಬಾಲಿಕೆ ಮತ್ತೆ ಬರಲಿಲ್ಲ. ಯಾವ ಮನೆಗೆ ಹೆದರಿ ಓಡಿಬಂದರೋ ಅದೇ ಮನೆಯ ಬಾಗಿಲಿಗೆ ಅವರನ್ನು ಅಟ್ಟಿದೆವೆಂಬುದು ನಮಗೆ ಬಹು ತಡವಾಗಿ ಹೊಳೆಯಿತು.

ವರ್ಗಾವಣೆ ಪತ್ರ ತಡವಾಯಿತೆಂದು ಸರಕಾರಿ ಮತ್ತು ಅನುದಾನಿತ ಶಾಲೆಗಳು ಎಂಟನೆಯ ತರಗತಿಯವರೆಗೆ ಪ್ರವೇಶವನ್ನು ನಿರಾಕರಿಸಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ವಿಧಿಸಿದೆ. ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯಿದೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತರೂ, ಅದರ ನೀತಿಯನ್ನು ನಾವು ಬಿಟ್ಟಿಲ್ಲ. ಮೊದಲು ಹೆಸರು ಬರೆದುಕೊಳ್ಳತಕ್ಕದ್ದು, ಬಳಿಕ ವಿಚಾರಿಸತಕ್ಕದ್ದು.

ದೇಶಗಳೂ ಇದೇ ನೀತಿಯನ್ನು ಹಿಡಿಯಬೇಕೆಂಬುದು ನಮ್ಮ ಅಭಿಪ್ರಾಯ. ಪರದೇಶಕ್ಕೆ ಹೋಗುವವರು ಸ್ವದೇಶದಲ್ಲಿದ್ದುಕೊಂಡೇ ವೀಸಾ ಪಡೆದು ಹೊರಡುವುದು ವಾಡಿಕೆ. ಪ್ರಾಣಭಯದಿಂದ ಓಡುವವರಿಗೆ ಈ ಕ್ರಮವು ಒಗ್ಗದು; ಅವರು ಒಳಬಂದ ಮೇಲೆಯೇ ಅರ್ಜಿ ಸಲ್ಲಿಸಬೇಕಾಗುವುದು. ಇದನ್ನರಿತೇ 1951ರ ನಿರಾಶ್ರಿತರ ಒಡಂಬಡಿಕೆಯು, ಅಪಾಯದ ನಾಡಿನಿಂದ ನೇರವಾಗಿ ಬಂದು ತಡಮಾಡದೆ ಅಧಿಕಾರಿಗಳೆದುರು ನಿಂತವರನ್ನು, ಅನುಮತಿಯಿಲ್ಲದೆ ಬಂದರೆಂದು ದಂಡಿಸಕೂಡದೆನ್ನುತ್ತದೆ. ಭಾರತವು ಅದಕ್ಕೆ ಸಹಿ ಹಾಕಿಲ್ಲ.

ಆದರೂ ನಮ್ಮದು ಕದವಿಕ್ಕಿದ ನಾಡಲ್ಲ. 1959ರ ಬಳಿಕ ಟಿಬೆಟ್ಟಿನಿಂದ ಬಂದವರಿಗೆ ನಮ್ಮ ಜಿಲ್ಲೆಯದೇ ಆದ ಬೈಲಕುಪ್ಪೆಯಲ್ಲಿ ಭೂಮಿ ದೊರೆಯಿತು. ತರುವಾಯ ಹುಣಸೂರು, ಮುಂಡಗೋಡು ಮತ್ತು ಕೊಳ್ಳೇಗಾಲದ ಕಡೆಗಳಲ್ಲಿಯೂ ದೊರೆಯಿತು. ಲ್ಹಾಸಾದಲ್ಲಿಯೇ ಅಪ್ಪಣೆಗಾಗಿ ಕಾದಿದ್ದರೆ ಅವರು ಇಲ್ಲಿಗೆ ತಲಪುತ್ತಿದ್ದರೆ?

ಇತರ ದೇಶಗಳಿಂದ ಬಂದು ತಾವು ನಿರಾಶ್ರಿತರೆನ್ನುವವರಿಗಾಗಿ ಕೇಂದ್ರ ಗೃಹ ಮಂತ್ರಾಲಯವು 2011ರ ಡಿಸೆಂಬರಿನಲ್ಲಿ ಒಂದು ಕ್ರಮವನ್ನು ಗೊತ್ತುಮಾಡಿ, 2019ರಲ್ಲಿ ಅದನ್ನು ಪರಿಷ್ಕರಿಸಿತು. ಅದರಂತೆ, ಹಿಂಸೆಯ ಭಯಕ್ಕೆ ತಕ್ಕ ಆಧಾರ ಕಂಡವರಿಗೆ ದೀರ್ಘಾವಧಿ ವೀಸಾ ದೊರೆಯಬಹುದಾಗಿತ್ತು. ಅದನ್ನು ಪಡೆದವರು ಓದಬಹುದಾಗಿತ್ತು, ಖಾಸಗಿ ಉದ್ಯೋಗ ಮಾಡಬಹುದಾಗಿತ್ತು. ಭಯದ ಕಾರಣಗಳಲ್ಲಿ ಜನಾಂಗ, ಧರ್ಮಗಳೊಡನೆ ಲಿಂಗವನ್ನೂ ಹೆಸರಿಸಿದ್ದುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಗಮನಿಸಬೇಕು; ಒಡಂಬಡಿಕೆಯ ಪಟ್ಟಿಯಲ್ಲಿ ಆ ಮಾತಿಲ್ಲ.

ಇದು ಸ್ತುತ್ಯವೇ. ಆದರೆ ಇದು ಸುತ್ತೋಲೆಯೇ ಹೊರತು ಶಾಸನವಲ್ಲ. ಇಂದು ಕೊಟ್ಟ ಕೈ ನಾಳೆ ಹಿಂದೆ ಸರಿದರೆ ಕೇಳುವ ಹಕ್ಕು ಯಾರಿಗೂ ಇಲ್ಲ. ಶಾಸನದ ಬಲವೆಂತಹುದೆಂಬುದಕ್ಕೆ ಒಂದು ನಿದರ್ಶನವುಂಟು. 1950ರ ಜನವರಿ 26ರಿಂದ 1987ರ ಜುಲೈ 1ರವರೆಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳೆಂದು ಪೌರತ್ವ ಕಾಯಿದೆ ಹೇಳುತ್ತದೆ. ಆ ಒಂದು ವಾಕ್ಯದ ಮೇಲೆ ನಿಂತು ಟಿಬೆಟ್ಟಿನ ದಂಪತಿಗಳ ಮಗಳೊಬ್ಬಳು 2010ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಗೆದ್ದಳು. 2013ರಲ್ಲಿ ನಮ್ಮ ರಾಜ್ಯದ ಉಚ್ಚ ನ್ಯಾಯಾಲಯವೂ ಅದೇ ಅಭಿಪ್ರಾಯವನ್ನು ತಾಳಿತು. ಕೃಪೆಯ ಮೇಲೆ ನಿಂತವರಿಗೆ ಅಂತಹ ನೆಲವಿಲ್ಲ. 2025ರಲ್ಲಿ ವಲಸೆ ಮತ್ತು ವಿದೇಶೀಯರ ಬಗೆಗೆ ಹೊಸ ಕಾಯಿದೆಯಾದಾಗಲೂ ‘ನಿರಾಶ್ರಿತ’ರೆಂದರೆ ಯಾರೆಂಬ ವ್ಯಾಖ್ಯೆಯು ಅದರಲ್ಲಿ ಸೇರಲಿಲ್ಲ.

ಒಳಗಿನಿಂದಲೇ ಅರ್ಜಿಗೆ ಆಸ್ಪದವಿತ್ತರೆ ಸುಳ್ಳುಗಾರರು ನುಗ್ಗುವರೆಂದು ಕೆಲವರು ಆಕ್ಷೇಪಿಸುವರು. ಆ ಭಯವು ನಿರಾಧಾರವಲ್ಲ. ಆದರೆ ಅರ್ಜಿಯನ್ನು ಸ್ವೀಕರಿಸುವುದೆಂದರೆ ಬೇಡಿದ್ದನ್ನು ಕೊಟ್ಟುಬಿಡುವುದಲ್ಲ. ವಿಚಾರಣೆ ನಡೆಯಲಿ, ಸುಳ್ಳೆಂದು ತಿಳಿದರೆ ಕಳುಹಿಸಲಿ. ಕೇಳದೆಯೇ ಕಳುಹಿಸುವುದು ಮಾತ್ರ ಅನ್ಯಾಯ.

ಆದುದರಿಂದ, ಒಳಬಂದವರ ಅರ್ಜಿಯನ್ನು ಇಂತಿಷ್ಟು ದಿನಗಳಲ್ಲಿ ಕೇಳಿ ತೀರ್ಮಾನಿಸತಕ್ಕದ್ದೆಂದು ಸಂಸತ್ತು ಶಾಸನಮಾಡುವುದು ಯುಕ್ತ. ಪ್ರಿಯ ಪೋಷಕರೇ, ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಇಂದು ಕಚೇರಿಗಳ ಮೇಜಿನಾಚೆ ಕುಳಿತಿರುವಿರಿ. ಪತ್ರವಿಲ್ಲದವರು ಎದುರಿಗೆ ಬಂದು ನಿಂತಾಗ ಮೊದಲು ಕುರ್ಚಿಯನ್ನು ತೋರಿಸಿ, ಹೆಸರು ಕೇಳಿರಿ. ನಾವು ಒಮ್ಮೆ ಕೇಳದೆ ಹೋದೆವು.