ಅರವತ್ತಾದ ಮೇಲೆ

“ಅರವತ್ತಕ್ಕೆ ಅರಳು ಮರಳು” ಎಂಬ ಗಾದೆಯನ್ನು ಯಾರು ಕಟ್ಟಿದರೋ ಕಾಣೆವು. ಅರವತ್ತು ತುಂಬದವರೇ ಕಟ್ಟಿರಬೇಕು.

ಗುಮಾಸ್ತಗಿರಿಯಲ್ಲಿ ದಿನ ಕಳೆಯುವ ನಾವು ಈ ಗಾದೆಯ ಪ್ರತಾಪವನ್ನು ದಿನವೂ ನೋಡುತ್ತೇವೆ. ಹಿರಿಯರೊಬ್ಬರು ಮಗನೊಡನೆ ಅರ್ಜಿ ತರುತ್ತಾರೆ. ಅರ್ಜಿ ಅವರದು, ರುಜು ಅವರದು, ಆದರೆ “ಇವರ ಹೆಸರೇನು, ವಯಸ್ಸೆಷ್ಟು?” ಎಂಬ ಪ್ರಶ್ನೆ ಮಾತ್ರ ಮಗನಿಗೆ! ಊರು ಬಿಟ್ಟು ಮಕ್ಕಳ ಹಿಂದೆ ಇಲ್ಲಿಗೆ ಬಂದ, ಮರಾಠಿ ಬಾರದ ನಮ್ಮ ತಾಯಿತಂದೆಯರ ಪಾಡಂತೂ ಇನ್ನೂ ಕಷ್ಟ. ಭಾಷೆ ಬಾರದವರನ್ನು ಬುದ್ಧಿಯಿಲ್ಲದವರೆಂದೇ ಜನ ಎಣಿಸುತ್ತಾರೆ.

ಸರಕಾರ ಏನೂ ಮಾಡಿಲ್ಲವೆಂದಲ್ಲ. ದುಡಿಮೆಯಿಲ್ಲದ ತಂದೆತಾಯಿಗಳು ಮಕ್ಕಳಿಂದ ಜೀವನಾಂಶ ಕೇಳಲು 2007ರ ಕಾಯಿದೆ ದಾರಿ ಮಾಡಿತು. 2022ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಎಸ್.ಟಿ. ಬಸ್ಸುಗಳಲ್ಲಿ 75 ದಾಟಿದವರಿಗೆ ಪ್ರಯಾಣ ಉಚಿತವಾಯಿತು. ನಾಸಿಕದ ಅಜ್ಜಿ ಛತ್ರಪತಿ ಸಂಭಾಜಿನಗರದ ಮಗಳ ಮನೆಗೆ ಕಾಸಿಲ್ಲದೆ ಹೋಗಿಬರಬಹುದು. ಆದರೆ “ಈ ವಯಸ್ಸಿನಲ್ಲಿ ಒಬ್ಬರೇ ಹೋಗುವುದೆ?” ಎಂದು ಮನೆಯವರೇ ತಡೆದರೆ ರಿಯಾಯಿತಿಯಿಂದ ಏನು ಬಂತು? ಅಕ್ಕರೆಯ ಮಾತೇ ಕಾಲಿಗೆ ತೊಡಕಾಗುವುದು ಹೀಗೆ.

ಇದು ಬರಿಯ ಮನಸ್ತಾಪದ ಸಂಗತಿಯಲ್ಲ. ವಯಸ್ಸು ನೋಡಿ ಜನರನ್ನು ಕಡೆಗಣಿಸುವುದರಿಂದ ಒಂಟಿತನ ಹೆಚ್ಚುತ್ತದೆ, ಆರೋಗ್ಯ ಕೆಡುತ್ತದೆ, ಆಯುಸ್ಸೂ ಕುಗ್ಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ ಹೇಳಿದೆ. ಲೋಕದಲ್ಲಿ ಇಬ್ಬರಲ್ಲಿ ಒಬ್ಬರಿಗೆ ಹಿರಿಯರ ವಿಷಯದಲ್ಲಿ ಇಂಥ ಪೂರ್ವಗ್ರಹ ಉಂಟೆಂಬುದು ಅದರ ಲೆಕ್ಕ.

ಇಲ್ಲಿಯ ಕನ್ನಡಿಗರು ಸರ್ ಎಂ. ವಿಶ್ವೇಶ್ವರಯ್ಯನವರನ್ನು ನೆನೆಯಬೇಕು. ಅವರು 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸೇರಿ ಮೊದಲು ಕೆಲಸ ಮಾಡಿದ್ದು ನಾಸಿಕದಲ್ಲೇ. ಬಿಹಾರದ ಮೋಕಾಮೆಯ ಬಳಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ಕೇಂದ್ರ ಸರಕಾರ ಅವರ ಸಲಹೆ ಕೇಳಿದಾಗ ಅವರಿಗೆ ತೊಂಬತ್ತು ದಾಟಿತ್ತು. ಸೇತುವೆ 1959ರಲ್ಲಿ ತೆರೆಯಿತು. ಎಲ್ಲ ಹಿರಿಯರೂ ವಿಶ್ವೇಶ್ವರಯ್ಯನವರಾಗಲಾರರು, ನಿಜ. ಕಿರಿಯರಲ್ಲಿ ಮಾತ್ರ ಎಷ್ಟು ಮಂದಿ ಆಗಿದ್ದಾರೆ? ಕೇಳಿದರು, ಅವರು ಹೇಳಿದರು, ವಿಷಯ ಇಷ್ಟೇ.

ಸಂಘದ ಸಮಾರಂಭದಲ್ಲಿ ಹಿರಿಯರಿಗೆ ಶಾಲು ಹೊದಿಸುವುದು ಸರಿಯೇ. ಅದರ ಜೊತೆಗೆ ಲೆಕ್ಕದ ಪುಸ್ತಕವನ್ನೂ, ಮಕ್ಕಳ ಕನ್ನಡ ಪಾಠವನ್ನೂ ಒಪ್ಪುವವರ ಕೈಗೆ ಕೊಡೋಣ. ಮನೆಯಲ್ಲಿ “ನಿಮಗೇಕೆ ಈ ತಾಪತ್ರಯ?” ಎನ್ನುವ ಬದಲು “ನಿಮಗೇನನ್ನಿಸುತ್ತದೆ?” ಎಂದು ಕೇಳೋಣ. ಇದಕ್ಕೆ ಕಾಯಿದೆ ಬೇಡ, ಖರ್ಚೂ ಇಲ್ಲ. ನಮಗೂ ಮೂವತ್ತು ದಾಟಿದೆ. ಅರವತ್ತು ಬಹಳ ದೂರವೇನಿಲ್ಲ.