ನಮ್ಮ ನವಣೆ ನಮಗೇ ದುಬಾರಿ ಯಾಕೆ?

ನಮ್ಮಲ್ಲಿ ಊರಿನ ಹೆಸರಿಗೇ ಸಂತೆ ಅಂಟಿಕೊಂಡಿದೆ. ಕೊಡಗಿನ ಶನಿವಾರಸಂತೆ, ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿ, ದಾವಣಗೆರೆ ಜಿಲ್ಲೆಯ ಸಂತೇಬೆನ್ನೂರು. ಇವತ್ತು ಯಾವ ವಾರ ಅಂತ ಕೇಳಿದರೆ ಸಂತೆಯಿಂದ ಲೆಕ್ಕ ಹಾಕಿ ಹೇಳುವ ಅಜ್ಜಿಯರು ಇನ್ನೂ ಇದ್ದಾರೆ. ಸಂತೆ ನಮಗೆ ಹೊಸದಲ್ಲ, ಯಾರೂ ಬಂದು ಕಲಿಸಬೇಕಾಗಿಲ್ಲ.

ಆದರೆ ಈಗ ತಾಲ್ಲೂಕು ಊರುಗಳಲ್ಲಿ ಇನ್ನೊಂದು ಬಗೆಯ ಸಂತೆ ಕಾಣುತ್ತಿದೆ. ಸಿರಿಧಾನ್ಯ ಮೇಳ, ಸಾವಯವ ಸಂತೆ, ಆರೋಗ್ಯ ಆಹಾರ ಉತ್ಸವ, ಹಲಸಿನ ಮೇಳ, ಅವರೆ ಮೇಳ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಆಚರಿಸಿತಲ್ಲ, ಅಲ್ಲಿಂದೀಚೆಗೆ ಇವು ಹೆಚ್ಚಾಗಿವೆ. ದೊಡ್ಡ ಫ್ಲೆಕ್ಸು, ಶಾಮಿಯಾನ, ವೇದಿಕೆ, ಹಾರ, ಭಾಷಣ, ಪಕ್ಕದಲ್ಲಿ ಹತ್ತಿಪ್ಪತ್ತು ಮಳಿಗೆ. ನಮ್ಮ ಬಳಗದವರು ಇಂಥ ಹಲವು ಮೇಳ ಸುತ್ತಿದ್ದೇವೆ. ಕೆಲವು ಕಡೆ ಹೊಟ್ಟೆ ತುಂಬ ತಿಂದಿದ್ದೇವೆ, ಕೆಲವು ಕಡೆ ಭಾಷಣ ಮುಗಿಯುವಷ್ಟರಲ್ಲಿ ರೊಟ್ಟಿ ತಣ್ಣಗಾಗಿತ್ತು.

ಮೇಳ ಬೇಡ ಅಂತ ನಾವು ಹೇಳುವುದಿಲ್ಲ. ಬೇಕು. ಆದರೆ ಈಗ ನಡೆಯುವ ರೀತಿಯಲ್ಲಿ ಅದು ಬೆಳೆದವರಿಗೂ ದಕ್ಕುತ್ತಿಲ್ಲ, ಹಳ್ಳಿಯಲ್ಲಿ ಉಣ್ಣುವವರಿಗೂ ದಕ್ಕುತ್ತಿಲ್ಲ ಅನ್ನುವುದು ನಮ್ಮ ತಕರಾರು.

ಒಂದು ಮೇಳದಲ್ಲಿ ನಮ್ಮ ಪಕ್ಕ ನಿಂತಿದ್ದ ಅಜ್ಜಿಯೊಬ್ಬರು ನವಣೆ ಅಕ್ಕಿಯ ಪ್ಯಾಕೆಟ್ ಎತ್ತಿ, ತಿರುವಿ ನೋಡಿ, ರೇಟು ಕೇಳಿದರು. ಕೆಜಿಗೆ ನೂರರ ಮೇಲೆ. "ಅಯ್ಯೋ ಮಗಾ, ನಾವಿದನ್ನ ಬಡವರ ಅನ್ನ ಅಂತ ಬಿಟ್ವಿ, ಈಗ ಸಾಹುಕಾರ್ರ ಅನ್ನ ಆಗೈತಾ?" ಅಂದು ಪ್ಯಾಕೆಟ್ ವಾಪಸ್ ಇಟ್ಟರು. ಮಳಿಗೆಯ ಹುಡುಗ ನಕ್ಕ. ನಾವೂ ನಕ್ಕೆವು. ಆದರೆ ಅಜ್ಜಿ ಕೇಳಿದ್ದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.

ಬೆಲೆ ಯಾಕೆ ಅಷ್ಟಾಗುತ್ತದೆ? ಬರೀ ವ್ಯಾಪಾರಿಯ ದುರಾಸೆ ಅಂದರೆ ಅರ್ಧ ಮಾತಾಗುತ್ತದೆ. ರಾಗಿ ಒಕ್ಕಿದರೆ ಮುಗಿಯಿತು, ಊರಿನ ಹಿಟ್ಟಿನ ಗಿರಣಿಗೇ ಒಯ್ದು ಬೀಸಿಸಬಹುದು. ಜೋಳ, ಸಜ್ಜೆಯೂ ಹಾಗೇ. ಆದರೆ ನವಣೆ, ಸಾಮೆ, ಊದಲು, ಬರಗು, ಹಾರಕ, ಕೊರಲೆ ಹಾಗಲ್ಲ. ಇವುಗಳಿಗೆ ಗಟ್ಟಿ ಸಿಪ್ಪೆ ಇದೆ, ಅದನ್ನು ತೆಗೆದರೆ ಮಾತ್ರ ಅಕ್ಕಿ. ಹಿಂದೆ ಒರಳಲ್ಲಿ ಹಾಕಿ ಒನಕೆಯಲ್ಲಿ ಕುಟ್ಟಿ, ಮೊರದಲ್ಲಿ ಕೇರಿ ತೆಗೆಯುತ್ತಿದ್ದರು. ಅದು ಹೆಂಗಸರ ಬೆನ್ನು ಮುರಿಯುವ ಕೆಲಸ. ಆ ಕೆಲಸ ತಪ್ಪಿದ್ದು ಒಳ್ಳೆಯದೇ ಆಯಿತು. ಆದರೆ ಒನಕೆಯ ಜಾಗಕ್ಕೆ ಊರಲ್ಲಿ ಯಂತ್ರ ಬರಲಿಲ್ಲ. ಪಡಿತರದ ಅಕ್ಕಿ ಬಂತು, ಸಾಮೆ ನವಣೆ ಹೊಲದಿಂದಲೇ ಹೋಯಿತು.

ಈಗ ಮತ್ತೆ ಬೆಳೆದವರು ಏನು ಮಾಡಬೇಕು? ಸಿಪ್ಪೆ ಸಮೇತ ವ್ಯಾಪಾರಿಗೆ ಕೊಡಬೇಕು. ಲೆಕ್ಕಕ್ಕೆ ಒಂದು ಉದಾಹರಣೆ ಹಾಕೋಣ. ಕೆಜಿಗೆ 35 ರೂಪಾಯಿಯಂತೆ ಒಂದು ಕ್ವಿಂಟಲ್ ಕೊಟ್ಟಿರಿ ಅಂತಿಟ್ಟುಕೊಳ್ಳಿ, ನಿಮ್ಮ ಕೈಗೆ 3,500. ಸಿಪ್ಪೆ ತೆಗೆದ ಮೇಲೆ ಸುಮಾರು 65 ಕೆಜಿ ಅಕ್ಕಿ ಸಿಗುತ್ತದೆ. ಅಲ್ಲಿಗೇ ಕೆಜಿಗೆ 54 ಆಯಿತು. ಅದರ ಮೇಲೆ ದೂರದ ಮಿಲ್ಲಿಗೆ ಸಾಗಣೆ, ಮಿಲ್ಲಿನ ಕೂಲಿ, ಪ್ಯಾಕೆಟ್ಟು, ಲೇಬಲ್ಲು, ಮಳಿಗೆ ಬಾಡಿಗೆ, ಲಾಭ. ಜೊತೆಗೆ ಇನ್ನೊಂದು ತೊಂದರೆ: ಸಿಪ್ಪೆ ಇದ್ದಾಗ ವರ್ಷಗಟ್ಟಲೆ ಕೆಡದ ಕಾಳು, ಸಿಪ್ಪೆ ತೆಗೆದ ಮೇಲೆ ಕೆಲವು ತಿಂಗಳಲ್ಲೇ ಮುಗ್ಗಲು ವಾಸನೆ ಹಿಡಿಯುತ್ತದೆ. ಮಾರಾಟವಾಗದೆ ಉಳಿದದ್ದರ ನಷ್ಟವನ್ನೂ ಮಾರುವವರು ಬೆಲೆಯಲ್ಲೇ ಸೇರಿಸುತ್ತಾರೆ.

ಅಂದರೆ ಬೇಕಾಗಿರುವುದು ಹೋಬಳಿಗೊಂದು ಸಿಪ್ಪೆ ತೆಗೆಯುವ ಯಂತ್ರ. ಬೇಕಾದಾಗ ಹತ್ತು ಕೆಜಿ ಒಯ್ದು ಅಕ್ಕಿ ಮಾಡಿಸಿಕೊಂಡು ಬರುವಂತಿದ್ದರೆ ಆ ಅಜ್ಜಿ ನೂರು ರೂಪಾಯಿಯ ಪ್ಯಾಕೆಟ್ ಮುಟ್ಟಬೇಕಾಗಿಯೇ ಇರಲಿಲ್ಲ.

ಇದು ಆಗದ ಮಾತಲ್ಲ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಅನ್ನುವ ಹಳ್ಳಿಯ ಹೆಣ್ಣುಮಕ್ಕಳು ಮಾಡಿ ತೋರಿಸಿದ್ದಾರೆ. ಅಲ್ಲಿನ ಬೀಬಿ ಫಾತಿಮಾ ಸ್ವಸಹಾಯ ಸಂಘದವರು ಬೀಜ ಬ್ಯಾಂಕ್ ಕಟ್ಟಿದರು, ಸುತ್ತಲ ರೈತರಿಗೆ ಸಿರಿಧಾನ್ಯದ ಬೀಜ ಕೊಟ್ಟರು, ಸಂಸ್ಕರಣೆ ಘಟಕವನ್ನೂ ನಡೆಸಿದರು. 2025ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಪ್ರಶಸ್ತಿ ಬಂದ ಮೇಲೆ ಎಲ್ಲರೂ ಫೋಟೊ ಹಾಕಿದರು. ನಮಗೆ ಫೋಟೊಗಿಂತ ಮುಖ್ಯ ಅನಿಸಿದ್ದು ಆ ಕ್ರಮ: ಮೊದಲು ಬೀಜ, ಆಮೇಲೆ ಯಂತ್ರ, ಆಮೇಲೆ ಮಾರಾಟ. ನಮ್ಮ ಮೇಳಗಳಲ್ಲಿ ಇದು ತಲೆಕೆಳಗಾಗಿದೆ. ಮೊದಲು ವೇದಿಕೆ ಹಾಕುತ್ತಾರೆ.

ಸರ್ಕಾರದ ಲೆಕ್ಕವನ್ನೂ ಹೇಳಬೇಕು. ರಾಗಿಗೆ ಕೇಂದ್ರದ ಬೆಂಬಲ ಬೆಲೆ ಇದೆ, 2025-26ರ ಮುಂಗಾರಿಗೆ ಕ್ವಿಂಟಲ್‌ಗೆ 4,886 ರೂಪಾಯಿ. ಜೋಳಕ್ಕೂ ಸಜ್ಜೆಗೂ ಇದೆ. ಆದರೆ ಮೇಳದ ಫ್ಲೆಕ್ಸಿನಲ್ಲಿ ದೊಡ್ಡದಾಗಿ ಮಿಂಚುವ ನವಣೆ, ಸಾಮೆ, ಊದಲು, ಹಾರಕ ಆ ಬೆಂಬಲ ಬೆಲೆಯ ಪಟ್ಟಿಯಲ್ಲೇ ಇಲ್ಲ. ರಾಜ್ಯದ 'ರೈತ ಸಿರಿ' ಯೋಜನೆಯಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಅಂತ ಇಟ್ಟರು, ಅದು ಒಳ್ಳೆಯ ಕೆಲಸ. ಆದರೆ ಅದು ಬಿತ್ತಿದ್ದಕ್ಕೆ ಕೊಡುವ ಹಣ. ಬೆಳೆದದ್ದನ್ನು ಯಾರು ಕೊಳ್ಳುತ್ತಾರೆ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ.

ಇನ್ನು ಮೇಳದಲ್ಲಿ ಆರೋಗ್ಯದ ಹೆಸರಲ್ಲಿ ಆಗುವ ಮಾತು. ಇಲ್ಲಿ ನಾವು ಸ್ವಲ್ಪ ಖಾರವಾಗಿಯೇ ಬರೆಯುತ್ತೇವೆ. ಒಂದು ಊರಿನ ವೇದಿಕೆಯಲ್ಲಿ ನಿಂತವರೊಬ್ಬರು ಮೂರು ತಿಂಗಳು ಈ ಅಂಬಲಿ ಕುಡಿದರೆ ಸಕ್ಕರೆ ಕಾಯಿಲೆಯ ಮಾತ್ರೆ ಬಿಸಾಡಬಹುದು ಅಂದರು. ಕೆಳಗೆ ಕೂತವರಲ್ಲಿ ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ ಇದ್ದಿರಬಹುದು. ಚಪ್ಪಾಳೆ ಹೊಡೆದರು. ದಯವಿಟ್ಟು ಹಾಗೆ ಮಾಡಬೇಡಿ. ರಾಗಿ, ನವಣೆ ಒಳ್ಳೆಯ ಊಟ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ನಾರೂ ಹೆಚ್ಚು. ಬಾಣಂತಿಗೆ, ಬೆಳೆಯುವ ಮಕ್ಕಳಿಗೆ, ವಯಸ್ಸಾದವರಿಗೆ ಇದು ಸಣ್ಣ ವಿಷಯವಲ್ಲ. ಆದರೆ ಊಟ ಊಟವೇ, ಮಾತ್ರೆ ಮಾತ್ರೆಯೇ. ಮಾತ್ರೆ ಕಡಿಮೆ ಮಾಡುವುದನ್ನು ರಕ್ತ ಪರೀಕ್ಷೆ ನೋಡಿ ಡಾಕ್ಟರು ಹೇಳಬೇಕು, ಮೈಕ್ ಹಿಡಿದವರಲ್ಲ. ರಾಗಿ ಮುದ್ದೆಯಾದರೂ ಎರಡರ ಬದಲು ನಾಲ್ಕು ಉಂಡರೆ ಸಕ್ಕರೆ ಏರದೆ ಇರುತ್ತದೆಯೇ?

ಬಿಸ್ಕತ್ತಿನ ಮಳಿಗೆಗೂ ಒಂದು ಮಾತು. ರಾಗಿ ಬಿಸ್ಕತ್ತು, ನವಣೆ ಕುಕ್ಕೀಸು, ಸಿರಿಧಾನ್ಯ ನೂಡಲ್ಸು ಅಂತ ಬಣ್ಣಬಣ್ಣದ ಪೊಟ್ಟಣ ಇರುತ್ತವೆ. ಕೊಳ್ಳುವ ಮುಂಚೆ ಪೊಟ್ಟಣ ತಿರುವಿ. ಹಿಂದೆ ಸಣ್ಣ ಅಕ್ಷರದಲ್ಲಿ ಏನೇನು ಹಾಕಿದ್ದಾರೆ ಅಂತ ಇರುತ್ತದೆ. ಕಾನೂನಿನ ಪ್ರಕಾರ ಯಾವುದು ಹೆಚ್ಚು ತೂಕ ಇದೆಯೋ ಅದನ್ನು ಮೊದಲು ಬರೆಯಬೇಕು. ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ, ಮೂರನೆಯದು ಎಣ್ಣೆ, ಆಮೇಲೆಲ್ಲೋ ರಾಗಿ ಬಂದರೆ ಅದು ಮೈದಾ ಬಿಸ್ಕತ್ತು, ಬಣ್ಣ ಮಾತ್ರ ರಾಗಿಯದು. ಇಂಗ್ಲಿಷಲ್ಲಿದ್ದರೆ ಮನೆಯ ಮಕ್ಕಳ ಕೈಲಿ ಓದಿಸಿ. ನಾವು ನೋಡಿದ ಮಳಿಗೆಗಳಲ್ಲಿ ಇಂಥವು ಒಂದೆರಡಲ್ಲ.

ಹಾಗಂತ ಎಲ್ಲ ಮೇಳವೂ ಹೀಗಲ್ಲ. ಹಲಸಿನ ಮೇಳಗಳನ್ನು ನಾವು ತುಂಬ ಇಷ್ಟಪಟ್ಟೆವು. ಅದಕ್ಕೆ ಕಾರಣ ಇದೆ. ಬೀಜದಿಂದ ಬೆಳೆದ ಹಲಸಿನ ಮರ ಒಂದರಂತೆ ಇನ್ನೊಂದಿಲ್ಲ. ಒಂದರ ತೊಳೆ ಜೇನು, ಪಕ್ಕದ ಮರದ್ದು ಸಪ್ಪೆ. ಹಣ್ಣನ್ನು ಹೊರಗಿನಿಂದ ನೋಡಿ ಹೇಳಲಾಗದು, ತಿಂದೇ ನೋಡಬೇಕು. ಮೇಳದಲ್ಲಿ ಕೊಯ್ದು ಕೊಡುತ್ತಾರೆ, ಜನ ತಿಂದು ಇದು ಯಾರ ಮರದ್ದು ಅಂತ ಕೇಳುತ್ತಾರೆ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಿನ 'ಸಿದ್ದು' ಹಲಸಿನ ಕಥೆ ನಿಮಗೆ ಗೊತ್ತಿರಬಹುದು. ರೈತರೊಬ್ಬರ ತೋಟದ ಒಂದು ಮರ, ಕೆಂಪು ತೊಳೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಗುರುತಿಸಿ ಕಸಿ ಗಿಡ ಮಾಡಿದರು, ಗಿಡ ಮಾರಿದ ಹಣದಲ್ಲಿ ದೊಡ್ಡ ಪಾಲು ಮರದ ಒಡೆಯರಿಗೇ ಹೋಗುವಂತೆ ಒಪ್ಪಂದವಾಯಿತು. ನಮ್ಮ ನಿಮ್ಮ ಊರಿನ ಬೇಲಿಯಲ್ಲೂ ಇಂಥ ಮರ ಇರಬಹುದು. ಹಣ್ಣು ಕೆಳಗೆ ಬಿದ್ದು ಕೊಳೆಯುತ್ತಿರಬಹುದು.

ಶಿರಸಿಯ ವನಸ್ತ್ರೀಯವರ ಮಲೆನಾಡು ಮೇಳವೂ ಹಾಗೇ. ಅಲ್ಲಿ ಹಿತ್ತಲಲ್ಲಿ ಬೆಳೆದ ಹೆಂಗಸರೇ ಬೀಜ, ಗಡ್ಡೆ, ಗಿಡ, ತಿಂಡಿ ತಂದು ಕೂರುತ್ತಾರೆ. ಬೆಳೆದ ಕೈ, ಮಾರುವ ಕೈ ಒಂದೇ. ಇದು ಕೇಳುವುದಕ್ಕೆ ಸರಳ. ನಡೆಸುವುದು ಕಷ್ಟ.

ಕಷ್ಟ ಎಲ್ಲಿ ಅಂದರೆ ಸಂತೆಯಲ್ಲಿ ಸುಂಕ ಇದೆ. ವಾರದ ಸಂತೆಯ ಸುಂಕ ವಸೂಲಿಯನ್ನು ಪಂಚಾಯಿತಿಯವರು ಹರಾಜು ಹಾಕುತ್ತಾರೆ. ಹಿಡಿದವರು ಹಾಕಿದ ಹಣ ವಾಪಸ್ ತೆಗೆಯಬೇಕಲ್ಲ, ಎರಡು ಕಟ್ಟು ಸೊಪ್ಪು ಇಟ್ಟು ಕೂತ ಅಕ್ಕನ ಹತ್ತಿರವೂ ಕೈ ಚಾಚುತ್ತಾರೆ. ಒಂದು ಸಂತೆಯಲ್ಲಿ ಹೀಗೆ ಕೊಟ್ಟವರೊಬ್ಬರು ರಸೀದಿ ಕೇಳಿದ್ದಕ್ಕೆ "ಮುಂದಿನ ವಾರ ಜಾಗ ಬೇಕಾ ಬೇಡ್ವಾ?" ಅನ್ನುವ ಮಾತು ನಮ್ಮ ಎದುರಿಗೇ ಬಂತು. ಅತ್ತ ತಾಲ್ಲೂಕಿನ ಮೇಳದಲ್ಲಿ ಮಳಿಗೆ ಬಾಡಿಗೆ ಸಾವಿರದ ಲೆಕ್ಕ. ಐದು ಸೇರು ಸಾಮೆ, ನಾಲ್ಕು ಕುಂಬಳಕಾಯಿ ಇಟ್ಟುಕೊಂಡವರು ಎರಡು ಕಡೆಯೂ ಹೊರಗೇ.

ನೆರೆಯವರು ಏನು ಮಾಡಿದರು ನೋಡಿ. 1999ರಲ್ಲಿ ಆಂಧ್ರದಲ್ಲಿ ರೈತು ಬಜಾರ್, ತಮಿಳುನಾಡಿನಲ್ಲಿ ಉಳವರ್ ಸಂದೈ ಶುರುವಾದವು. ರೈತರಿಗೆ ಗುರುತಿನ ಚೀಟಿ, ಕೂರಲು ಜಾಗ, ತಕ್ಕಡಿ, ಆ ದಿನದ ಬೆಲೆಯ ಬೋರ್ಡು, ನಡುವೆ ದಲ್ಲಾಳಿ ಇಲ್ಲ. ಕೆಲವು ಕಡೆ ಮುಗ್ಗರಿಸಿರಬಹುದು, ವ್ಯಾಪಾರಿಗಳು ನುಸುಳಿರಬಹುದು. ಆದರೂ ಅವು ದಿನದಿನವೂ ನಡೆಯುವ ಸಂತೆಗಳು. ವರ್ಷಕ್ಕೆ ಎರಡು ದಿನ ಶಾಮಿಯಾನ ಹಾಕಿದರೆ ರೈತ ಅದನ್ನು ನಂಬಿ ಬಿತ್ತುವುದಿಲ್ಲ. 'ಸಂತೆ ಹೊತ್ತಿಗೆ ಮೂರು ಮೊಳ ನೇಯ್ದಂತೆ' ಅನ್ನುವ ಗಾದೆ ನೇಕಾರನಿಗೆ ಹೇಳಿದ್ದು, ಇಲ್ಲಿ ಮೇಳ ಮಾಡುವವರಿಗೇ ಸರಿಹೊಂದುತ್ತದೆ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಮೇಳವನ್ನು ಸಮುದಾಯ ಭವನದಿಂದ ಸಂತೆ ಮೈದಾನಕ್ಕೆ ತನ್ನಿ. ಸಂತೆಯ ದಿನವೇ, ಸಂತೆಯ ಒಂದು ಸಾಲನ್ನು ಸ್ವಂತ ಹೊಲದ್ದು ತಂದವರಿಗೆ ಬಿಡಿ, ಸುಂಕ ತೆಗೆಯಬೇಡಿ. ಆ ಸಾಲಿನ ಕೊನೆಯಲ್ಲಿ ಒಂದು ಒಲೆ ಇರಲಿ. ಸ್ತ್ರೀಶಕ್ತಿ ಸಂಘದವರು ಬಿಸಿ ಮುದ್ದೆ, ಸಾಮೆ ಬಿಸಿಬೇಳೆ, ಜೋಳದ ರೊಟ್ಟಿ, ಮಜ್ಜಿಗೆ ಮಾರಲಿ. ಈಗ ಸಂತೆಗೆ ಬಂದ ಮಕ್ಕಳಿಗೆ ಸಿಗುವುದು ಬಣ್ಣದ ಗೋಬಿಯೋ ಪ್ಯಾಕೆಟ್ ಕುರುಕಲೋ. ಶಾಮಿಯಾನದ ಖರ್ಚಿನಲ್ಲಿ ಒಂದು ಪಾಲು ಸಿಪ್ಪೆ ತೆಗೆಯುವ ಯಂತ್ರಕ್ಕೆ ಹೋಗಲಿ.

ಮಾರಲು ಹೊರಡುವವರು ಕಾಗದಪತ್ರದ ಭಯ ಇಟ್ಟುಕೊಳ್ಳಬೇಡಿ. ತಾನು ಬೆಳೆದ ಕಾಳು, ಕಾಯಿ, ಸೊಪ್ಪನ್ನು ಹಾಗೇ ಮಾರುವ ರೈತರಿಗೆ ಆಹಾರ ಸುರಕ್ಷತಾ ಕಾಯ್ದೆಯ ಪರವಾನಗಿ ಬೇಕಿಲ್ಲ. ಹಿಟ್ಟು, ಹಪ್ಪಳ, ತಿಂಡಿ ಮಾಡಿ ಮಾರುವುದಾದರೆ ನೋಂದಣಿ ಬೇಕು, ಸಣ್ಣ ವ್ಯಾಪಾರಕ್ಕೆ ಅದರ ಶುಲ್ಕ ವರ್ಷಕ್ಕೆ 100 ರೂಪಾಯಿ. ಇದಕ್ಕೆ ಸಾವಿರ ಕೇಳುವ ಏಜೆಂಟರಿದ್ದಾರೆ, ಕೊಡಬೇಡಿ. ಸಿರಿಧಾನ್ಯ ಶೇ 70ಕ್ಕಿಂತ ಕಡಿಮೆ ಇಲ್ಲದ ಹಿಟ್ಟನ್ನು ಬಿಡಿಯಾಗಿ ಮಾರಿದರೆ ಜಿಎಸ್‌ಟಿ ಇಲ್ಲ ಅಂತ 2023ರ ಅಕ್ಟೋಬರಿನಲ್ಲೇ ತೀರ್ಮಾನವಾಗಿದೆ.

ಇನ್ನೊಂದು ಮಾತು ನಮ್ಮೊಳಗೇ ಆಡಿಕೊಳ್ಳಬೇಕಾದದ್ದು. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ರಾಗಿಗೂ ಭತ್ತಕ್ಕೂ ಜಗಳ ಬರುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ, ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಈ ಕಥೆಯನ್ನು ಮೇಳದ ಭಾಷಣದಲ್ಲಿ ಹೇಳುತ್ತಾರೆ, ನಾವು ತಲೆದೂಗುತ್ತೇವೆ. ಆದರೆ ಮನೆಗೆ ನೆಂಟರು ಬಂದರೆ ಮುದ್ದೆ ಬಚ್ಚಿಟ್ಟು ಅನ್ನ ಬಡಿಸುತ್ತೇವೆ. ಮದುವೆ ಊಟದಲ್ಲಿ ನವಣೆ ಪಾಯಸ ಹಾಕಿದರೆ ಬೀಗರು ಏನಂದುಕೊಳ್ಳುತ್ತಾರೋ ಅಂತ ಅಳುಕು. ಊರಿನವರೇ ಕೊಳ್ಳದ ಧಾನ್ಯವನ್ನು ಪೇಟೆಯವರು ಎಷ್ಟು ದಿನ ಕೊಂಡಾರು? ಅವರಿಗೆ ಮುಂದಿನ ವರ್ಷ ಇನ್ನೊಂದು ಹೊಸ ಆಹಾರ ಸಿಗುತ್ತದೆ.

ನಿಮ್ಮ ಊರಿನ ಸಂತೆ ಸುಂಕದ ಹರಾಜು ಯಾವಾಗ ಅಂತ ಪಂಚಾಯಿತಿಯಲ್ಲಿ ಈಗಲೇ ವಿಚಾರಿಸಿ. ಹರಾಜಿಗೆ ಮುಂಚಿನ ಗ್ರಾಮಸಭೆಯಲ್ಲಿ ಎರಡು ಪ್ರಶ್ನೆ ಕೇಳಿ, ನಡಾವಳಿಯಲ್ಲಿ ಬರೆಸಿ: ಸ್ವಂತ ಬೆಳೆ ತಂದವರಿಗೆ ಸುಂಕ ಬಿಡುತ್ತೀರಾ? ಸುಂಕ ಕೊಟ್ಟವರಿಗೆಲ್ಲ ರಸೀದಿ ಕೊಡಬೇಕು ಅಂತ ಹರಾಜಿನ ಷರತ್ತಿನಲ್ಲಿ ಹಾಕುತ್ತೀರಾ? ಉತ್ತರ ಏನು ಬಂತು ಅಂತ ನಮಗೂ ತಿಳಿಸಿ, ಊರಿನ ಹೆಸರು ಹಾಕಿಯೇ ಬರೆಯುತ್ತೇವೆ.